ಚಲಾವಣೆ ಮುಗಿದ ಪೈಸೆಗಳಿಗೊಂದು ವಿದಾಯದ ಸೆಟ್: ಮನೆಯ ಹಳೆಯ ಡಬ್ಬಿಯಿಂದಲೇ ಕಟ್ಟಿಕೊಳ್ಳುವ ಬಗೆ

2011ರ ಜೂನ್ 30ರಂದು ಇಪ್ಪತ್ತೈದು ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ಎಲ್ಲ ನಾಣ್ಯಗಳೂ ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ಕಳೆದುಕೊಂಡವು. ಹಿಂದಿನ ದಿನ ಬ್ಯಾಂಕುಗಳ ವ್ಯವಹಾರ ಮುಗಿಯುವವರೆಗೆ ಮಾತ್ರ ಅವುಗಳನ್ನು ಮುಖಬೆಲೆಗೆ ಬದಲಾಯಿಸಿಕೊಳ್ಳಲು ಅವಕಾಶವಿತ್ತು. ನಮ್ಮ ವಿಜಯಪುರದ ಪೇಟೆಯಲ್ಲಿ ಆ ದಿನ ಬೇರೆ ದಿನಗಳಂತೆಯೇ ಕಳೆಯಿತು, ಏಕೆಂದರೆ ಕಿರಾಣಿ ಅಂಗಡಿಯವರು ಚಾರಾಣೆಯನ್ನು, ಅಂದರೆ ಇಪ್ಪತ್ತೈದು ಪೈಸೆಯನ್ನು, ಮುಟ್ಟುವುದನ್ನು ಬಿಟ್ಟು ಅಷ್ಟು ಹೊತ್ತಿಗೆ ವರ್ಷಗಳೇ ಆಗಿದ್ದವು. ಐವತ್ತು ವರ್ಷಕ್ಕೂ ಮಿಕ್ಕಿ ಸಂತೆ, ಜಾತ್ರೆ, ಶಾಲೆಯ ಬಾಗಿಲುಗಳಲ್ಲಿ ಕೈಯಿಂದ ಕೈಗೆ ಓಡಾಡಿದ ನಾಣ್ಯಗಳು ಹೀಗೆ ಸದ್ದಿಲ್ಲದೆ ಹೋದವು.

ಕೆನಡಾ ದೇಶದವರು ತಮ್ಮ ಒಂದು ಸೆಂಟಿನ ಪೆನ್ನಿಯನ್ನು ಬೇರೆ ರೀತಿಯಲ್ಲಿ ಕಳುಹಿಸಿಕೊಟ್ಟರು. 2012ರ ಮೇ 4ರಂದು ವಿನಿಪೆಗ್ ನಗರದ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಪೆನ್ನಿಯನ್ನು ಅಚ್ಚೊತ್ತಿದರು, 2013ರ ಫೆಬ್ರುವರಿ 4ರಿಂದ ಅದರ ವಿತರಣೆಯನ್ನು ನಿಲ್ಲಿಸಿದರು, ಮತ್ತು ಸಂಗ್ರಾಹಕರಿಗಾಗಿ ಬೆಳ್ಳಿ ಹಾಗೂ ಚಿನ್ನದಲ್ಲಿ ವಿದಾಯದ ಪೆನ್ನಿಗಳನ್ನು ಹೊರತಂದರು. ಆ ವಿಚಾರವನ್ನು ಓದಿದಾಗ ನಮ್ಮ ಪೈಸೆಗಳಿಗೂ ಅಂಥ ಒಂದು ಗೌರವದ ವಿದಾಯ ಸಲ್ಲಬೇಕೆಂದು ನನಗೆ ಬಲವಾಗಿ ಅನ್ನಿಸಿತು. ಅದಕ್ಕೆ ಬೆಳ್ಳಿಯಾಗಲಿ ಬಂಗಾರವಾಗಲಿ ಬೇಕಿಲ್ಲ. ನಿಜವಾಗಿ ಓಡಾಡಿದ ನಾಣ್ಯಗಳನ್ನೇ ಕ್ರಮವಾಗಿ ಜೋಡಿಸಿ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಒಂದು ವಿದಾಯದ ಸೆಟ್ ಕಟ್ಟಿಕೊಳ್ಳಬಹುದು. ಅದನ್ನು ಕಟ್ಟುವ ಬಗೆಯನ್ನು ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ಗುರಿಯನ್ನು ಗೊತ್ತುಮಾಡಿಕೊಳ್ಳಿ

2011ರಲ್ಲಿ ಮಾನ್ಯತೆ ಕಳೆದುಕೊಂಡ ದಶಮಾಂಶ ಪದ್ಧತಿಯ ಮುಖಬೆಲೆಗಳು ಏಳು: 1, 2, 3, 5, 10, 20 ಮತ್ತು 25 ಪೈಸೆ. ಐವತ್ತು ಪೈಸೆ, ಅಂದರೆ ನಮ್ಮ ಎಂಟಾಣೆ, ಈ ಪಟ್ಟಿಯಲ್ಲಿಲ್ಲ. ಅಂಗಡಿಗಳಲ್ಲಿ ಅದನ್ನು ತೆಗೆದುಕೊಳ್ಳದಿದ್ದರೂ ಆ ಆದೇಶ ಅದಕ್ಕೆ ಅನ್ವಯಿಸಲಿಲ್ಲ. ಆದ್ದರಿಂದ ಏಳು ಮುಖಬೆಲೆಗಳ ಒಂದೊಂದು ನಾಣ್ಯ ನಿಮ್ಮ ಮೊದಲ ಗುರಿಯಾಗಲಿ. ಅದು ಕೈಗೂಡಿದ ಮೇಲೆ ಒಂದೇ ಮುಖಬೆಲೆಯು ಕಾಲಕಾಲಕ್ಕೆ ಬದಲಾಯಿಸಿದ ಲೋಹ ಮತ್ತು ಆಕಾರಗಳನ್ನು ಕೂಡಿಸಿರಿ, ಆಮೇಲೆ ಆ ಸಣ್ಣ ಮುಖಬೆಲೆಗಳಲ್ಲಿಯೇ ಬಂದ ಸ್ಮಾರಕ ನಾಣ್ಯಗಳಿಗೆ ಕೈಹಾಕಿರಿ. ಪ್ರತಿ ಇಸವಿಯ, ಪ್ರತಿ ಟಂಕಸಾಲೆಯ ನಾಣ್ಯವೂ ಬೇಕೆಂಬ ಹಟವನ್ನು ಮೊದಲ ವರ್ಷವೇ ಹಿಡಿಯಬಾರದು. ಹಾಗೆ ಹಿಡಿದವರಲ್ಲಿ ಅನೇಕರು ಅರ್ಧ ತುಂಬಿದ ಆಲ್ಬಮ್ಮನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗಿರುವುದನ್ನು ಕಂಡಿದ್ದೇನೆ.

ಹುಡುಕಾಟ ಮನೆಯಿಂದಲೇ ಶುರುವಾಗಲಿ

ಪೇಟೆಗೆ ಹೋಗಿ ಕೊಳ್ಳುವ ಮುನ್ನ ಮನೆಯ ಮೂಲೆಗಳನ್ನು ತಡಕಾಡಿರಿ. ನಮ್ಮ ಭಾಗದ ಮನೆಗಳಲ್ಲಿ ಹಳೆಯ ಚಿಲ್ಲರೆ ಉಳಿದಿರುವ ಜಾಗಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಹಿರಿಯರ ಎಲೆ ಅಡಿಕೆಯ ಚಂಚಿ, ಉಡಿ ತುಂಬಿದಾಗ ಕೊಬ್ಬರಿ ಬಟ್ಟಲು ಮತ್ತು ಉತ್ತತ್ತಿಯ ಜೊತೆ ಬಂದ ದಕ್ಷಿಣೆಯನ್ನು ಇಟ್ಟ ಡಬ್ಬಿ, ದೇವರ ಜಗಲಿಯ ಕೆಳಗಿನ ಕಳಶದ ತಂಬಿಗೆ, ಮಕ್ಕಳ ಮಣ್ಣಿನ ಹುಂಡಿ, ಮುಚ್ಚಿಹೋದ ಅಂಗಡಿಯ ಗಲ್ಲಾ ಪೆಟ್ಟಿಗೆ. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ಕುಟುಂಬಗಳಲ್ಲಿ, ಅಂದು ಕಟ್ಟಿತಂದು ಇಂದಿಗೂ ಬಿಚ್ಚದ ಗಂಟುಗಳಿದ್ದರೆ ಅವುಗಳನ್ನು ಅವಶ್ಯವಾಗಿ ನೋಡಬೇಕು. ಹಳದಿ ಬಣ್ಣದ, ಕಮಲದ ಚಿತ್ರವಿರುವ ಇಪ್ಪತ್ತು ಪೈಸೆಯನ್ನು ಲಕ್ಷ್ಮೀ ಪೂಜೆಗೆಂದು ಎತ್ತಿಟ್ಟುಕೊಂಡ ಮನೆಗಳು ಅನೇಕ. ಅಲ್ಲಿ ಕೇಳುವಾಗ ಅದು ಅವರಿಗೆ ಪೂಜೆಯ ವಸ್ತು ಎಂಬುದನ್ನು ನೆನಪಿಟ್ಟು ಕೇಳಿರಿ. ಕೊಡಲು ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು.

ನಮ್ಮ ಆಯಿಯ ಚಂಚಿಯನ್ನು ನಾನು ಕೇಳಿದಾಗ ಅವರು, “ಅದನ್ಯಾಕ ಹುಡುಕ್ತಿ ತಮ್ಮಾ, ಅದಕ್ಕ ಇವತ್ತ ಒಂದು ಪೆಪ್ಪರಮೆಂಟ್ ಸೈತ ಬರಂಗಿಲ್ಲ” ಎಂದಿದ್ದರು. ಆದರೂ ಚಂಚಿಯನ್ನು ಹಾಸಿಗೆಯ ಮೇಲೆ ಸುರಿದು, ಯಾವ ನಾಣ್ಯಕ್ಕೆ ಯಾವ ಕಾಲದಲ್ಲಿ ಏನು ಬರುತ್ತಿತ್ತು ಎಂದು ಒಂದೊಂದಾಗಿ ಹೇಳುತ್ತ ಹೋದರು. ನಾನು ಅಂದು ಅದನ್ನು ಬರೆದುಕೊಳ್ಳಲಿಲ್ಲ, ಮತ್ತು ಅವರು ಈಗಿಲ್ಲ. ಆದ್ದರಿಂದ ನಾಣ್ಯ ಕೊಟ್ಟವರ ಮಾತನ್ನು ಅವತ್ತೇ ಒಂದು ವಹಿಯಲ್ಲಿ ದಾಖಲಿಸುವುದನ್ನು ನಾನು ಹುಡುಕಾಟದ ಭಾಗವೆಂದೇ ಎಣಿಸುತ್ತೇನೆ.

ಮನೆಯ ನಂತರದ ಜಾಗ ಊರಿನ ಗುಡಿ. ಸಣ್ಣ ಗುಡಿಗಳಲ್ಲಿ ಹುಂಡಿಯಿಂದ ತೆಗೆದ, ಈಗ ಬ್ಯಾಂಕು ಸ್ವೀಕರಿಸದ ಪೈಸೆಗಳು ಚೀಲದಲ್ಲಿ ಬಿದ್ದಿರುವುದುಂಟು. ಪೂಜಾರಿಯೊಬ್ಬರನ್ನೇ ಕೇಳಿ ತರುವ ಬದಲು ಕಮಿಟಿಯ ಹಿರಿಯರ ಒಪ್ಪಿಗೆ ಪಡೆದು, ಆರಿಸಿಕೊಂಡ ನಾಣ್ಯಗಳಿಗೆ ಬದಲಾಗಿ ದೇಣಿಗೆ ಕೊಟ್ಟು ಪಾವತಿ ಬರೆಸಿಕೊಳ್ಳಿರಿ. ಗುಜರಿ ಅಂಗಡಿ ಹಾಗೂ ಹಳೆಯ ಹಿತ್ತಾಳೆ ಪಾತ್ರೆ ಕೊಳ್ಳುವವರ ಬಳಿಯೂ ಕೇಳಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವಿಜಯಪುರ, ಬಾದಾಮಿ, ಐಹೊಳೆಗಳ ಸುತ್ತ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ರಾಜಮನೆತನಗಳ ನಾಣ್ಯಗಳು ಸಿಗುವುದುಂಟು. ಅವು ಈ ಸಂಗ್ರಹಕ್ಕೆ ಸೇರಿದವಲ್ಲ. ನೆಲದಲ್ಲಿ ಸಿಕ್ಕ ನಿಧಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ, ಸಿಕ್ಕದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ನಮ್ಮ ಪೈಸೆಗಳು 1957ರ ನಂತರದವು, ಅವುಗಳಿಗೆ ಈ ತೊಡಕಿಲ್ಲ.

ಗುರುತಿಸುವ ಹಂತ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ, ಹಾಗೆಯೇ ಎಲ್ಲಕ್ಕಿಂತ ಸಂತೋಷ ಕೊಡುವ ಹಂತ. ಬೇಕಾಗುವ ಸಾಧನಗಳು ಕಡಿಮೆ: ಒಂದು ಭೂತಗನ್ನಡಿ, ಹಾಳಾದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ಸಾಧ್ಯವಾದರೆ ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ತೂಕದ ಯಂತ್ರ. ನಾಣ್ಯಗಳನ್ನು ಹತ್ತಿಯ ದಪ್ಪ ಬಟ್ಟೆಯ ಮೇಲೆ ಹರಡಿಕೊಂಡು ಹಗಲು ಬೆಳಕಿನಲ್ಲಿ ಕುಳಿತುಕೊಳ್ಳಿರಿ.

ಮೊದಲು ಹೆಸರನ್ನು ನೋಡಿರಿ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಿತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ, ನೂರಾ ತೊಂಬತ್ತೆರಡು ಪೈ ಇದ್ದವು. ಹೊಸ ಲೆಕ್ಕದಲ್ಲಿ ರೂಪಾಯಿಗೆ ನೂರು ಪೈಸೆಯಾದಾಗ, ಹಳೆಯ ಪೈಸೆಯಿಂದ ಬೇರೆಯೆಂದು ತೋರಿಸಲು ಅದಕ್ಕೆ ‘ನಯಾ ಪೈಸೆ’ ಎಂಬ ಹೆಸರಿಟ್ಟರು. ನಾಲ್ಕಾಣೆ ಸರಿಯಾಗಿ ಇಪ್ಪತ್ತೈದು ನಯಾ ಪೈಸೆಯಾಯಿತು, ಆದರೆ ಒಂದಾಣೆಗೆ ಆರೂಕಾಲು ನಯಾ ಪೈಸೆ ಎಂಬ ಒಡಕು ಲೆಕ್ಕ ಬಂದಿತು. ಜನರಿಗೆ ತಿಳಿಯಲೆಂದು ಆ ನಾಣ್ಯಗಳ ಮೇಲೆ ಹಿಂದಿಯಲ್ಲಿ ರೂಪಾಯಿಯ ಎಷ್ಟನೆಯ ಪಾಲು ಎಂದೂ ಬರೆದಿದ್ದರು: ಒಂದು ನಯಾ ಪೈಸೆಯ ಮೇಲೆ ‘ರುಪಯೇ ಕಾ ಸೌವಾಂ ಭಾಗ್’, ಹತ್ತರ ಮೇಲೆ ‘ದಸವಾಂ ಭಾಗ್’, ಇಪ್ಪತ್ತೈದರ ಮೇಲೆ ‘ಚೌಥಾ ಭಾಗ್’. ಆದರೆ ಈ ಸಾಲೊಂದನ್ನೇ ನಂಬದೆ ‘ನಯಾ’ ಅಥವಾ ‘ನಯೇ’ ಎಂಬ ಪದವನ್ನು ಹುಡುಕಿರಿ, ಅದು ಕಂಡರೆ ನಾಣ್ಯ ನಯಾ ಪೈಸೆಯ ಕಾಲದ್ದೆಂದು ತಿಳಿಯಿರಿ, ಏಕೆಂದರೆ 1964ರ ಜೂನ್ 1ರಿಂದ ‘ನಯಾ’ ಎಂಬ ಪದವನ್ನು ಕೈಬಿಡಲಾಯಿತು. ನಾಣ್ಯದಿಂದ ಅಳಿಸಿಹೋದ ಆ ಪದ ನಮ್ಮ ಮಾತಿನಲ್ಲಿ ಮಾತ್ರ ಉಳಿದಿದೆ. “ನಯಾಪೈಸೆ ಕಿಮ್ಮತ್ತಿಲ್ಲ” ಎನ್ನುವವರಲ್ಲಿ ಎಷ್ಟೋ ಜನ ಆ ನಾಣ್ಯವನ್ನು ಕಣ್ಣಿನಿಂದ ಕಂಡಿರಲಿಕ್ಕಿಲ್ಲ.

ನಂತರ ಲೋಹ ಮತ್ತು ಆಕಾರ. ಒಂದು ನಯಾ ಪೈಸೆ ಮೊದಲು ಕಂಚಿನ ದುಂಡನೆಯ ಪುಟ್ಟ ಬಿಲ್ಲೆಯಾಗಿತ್ತು: ಹದಿನಾರು ಮಿಲಿಮೀಟರ್ ಅಗಲ, ಒಂದೂವರೆ ಗ್ರಾಂ ತೂಕ. 1962ರಲ್ಲಿ ಅದು ಹಳದಿ ಛಾಯೆಯ ನಿಕ್ಕೆಲ್ ಹಿತ್ತಾಳೆಗೆ ಬದಲಾಯಿತು, 1965ರಲ್ಲಿ ಚೌಕಾಕಾರದ ಅಲ್ಯೂಮಿನಿಯಂ ಪೈಸೆ ಬಂದಿತು, ಅದರ ತೂಕ ಮುಕ್ಕಾಲು ಗ್ರಾಂ ಮಾತ್ರ. ಎರಡು ಪೈಸೆ ಅಲೆಅಲೆಯಾದ ಅಂಚಿನ ತಾಮ್ರ ನಿಕ್ಕೆಲ್ ಮಿಶ್ರಲೋಹದಿಂದ 1965ರಲ್ಲಿ ಅಲ್ಯೂಮಿನಿಯಂಗೆ ಇಳಿಯಿತು. ಹೀಗಾಗಿ 1964ರ ಇಸವಿಯ, ‘ನಯಾ’ ಇಲ್ಲದ, ದುಂಡನೆಯ ಒಂದು ಪೈಸೆ ಮತ್ತು ತಾಮ್ರ ನಿಕ್ಕೆಲಿನ ಎರಡು ಪೈಸೆ ಇವೆರಡೂ ಒಂದೇ ವರ್ಷ ಬಾಳಿದ ಮಾದರಿಗಳು. ಅವು ಕೈಗೆ ಸಿಕ್ಕರೆ ಬೇರೆಯವುಗಳ ರಾಶಿಯಲ್ಲಿ ಬೆರೆಸದೆ ಆಗಲೇ ಎತ್ತಿಡಿರಿ.

ಆರು ಮೂಲೆಯ ಮೂರು ಪೈಸೆ 1964ರಲ್ಲಿ ಹೊಸದಾಗಿ ಬಂದ ಮುಖಬೆಲೆ, ಮೊದಲಿನಿಂದಲೂ ಅಲ್ಯೂಮಿನಿಯಂ. ಒಂದೂಕಾಲು ಗ್ರಾಮಿನ ಈ ಹಗುರ ನಾಣ್ಯವನ್ನು ಇಂದಿನ ಮಕ್ಕಳ ಅಂಗೈಯಲ್ಲಿ ಇಟ್ಟರೆ ಅದು ನಾಣ್ಯವೆಂದೇ ಅವರು ನಂಬುವುದಿಲ್ಲ. ಐದು ಪೈಸೆ ಮೂಲೆ ದುಂಡಗಾದ ಚೌಕ. ನಾಲ್ಕು ಗ್ರಾಮಿನ ತಾಮ್ರ ನಿಕ್ಕೆಲ್ ನಾಣ್ಯವಾಗಿದ್ದದ್ದು 1967ರಿಂದ ಒಂದೂವರೆ ಗ್ರಾಮಿನ ಅಲ್ಯೂಮಿನಿಯಂ ಆಯಿತು. ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಒಂದೊಂದನ್ನು ಹಿಡಿದರೆ, ಲೋಹದ ಬೆಲೆ ಏರಿದಂತೆ ಸಣ್ಣ ನಾಣ್ಯ ಹೇಗೆ ಬಡವಾಗುತ್ತ ಹೋಯಿತೆಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಈ ಕಾರಣಕ್ಕಾಗಿಯೇ ಲೋಹದ ಬದಲಾವಣೆಗಳನ್ನು ಕೂಡಿಸಬೇಕೆಂದು ನಾನು ಒತ್ತಿ ಹೇಳುವುದು.

ಹತ್ತು ಪೈಸೆಯದು ದೊಡ್ಡ ಸಂಸಾರ: ಅಲೆ ಅಂಚಿನ ತಾಮ್ರ ನಿಕ್ಕೆಲ್, 1968ರಿಂದ ನಿಕ್ಕೆಲ್ ಹಿತ್ತಾಳೆ, 1971ರಿಂದ ಅಲ್ಯೂಮಿನಿಯಂ, ಕೊನೆಗೆ 1988ರಿಂದ ದುಂಡನೆಯ ಪುಟ್ಟ ಸ್ಟೀಲ್. ಇಪ್ಪತ್ತು ಪೈಸೆ 1968ರಲ್ಲಿ ಕಮಲದ ಚಿತ್ರದೊಡನೆ ಬಂದು 1971ಕ್ಕೆ ನಿಂತಿತು, 1982ರಲ್ಲಿ ಷಟ್ಕೋನದ ಅಲ್ಯೂಮಿನಿಯಂ ರೂಪದಲ್ಲಿ ಮರಳಿತು.

ಇಪ್ಪತ್ತೈದು ಪೈಸೆಯ ವಿಷಯದಲ್ಲಿ ಅಯಸ್ಕಾಂತ ಕೆಲಸಕ್ಕೆ ಬರುತ್ತದೆ. 1957ರಿಂದ 1968ರವರೆಗಿನ ಚಾರಾಣೆ ಶುದ್ಧ ನಿಕ್ಕೆಲ್, ಅದು ಅಯಸ್ಕಾಂತಕ್ಕೆ ಅಂಟುತ್ತದೆ. 1972ರಿಂದ ಬಂದ ತಾಮ್ರ ನಿಕ್ಕೆಲಿನದು ಅಂಟುವುದಿಲ್ಲ. 1988ರಿಂದ 2002ರವರೆಗಿನ ಘೇಂಡಾಮೃಗದ ಚಿತ್ರವಿರುವ ಸ್ಟೀಲ್ ನಾಣ್ಯ ಮತ್ತೆ ಅಂಟುತ್ತದೆ. ಇಸವಿ ಸವೆದು ಕಾಣದಿದ್ದಾಗ ಈ ಪರೀಕ್ಷೆಯೇ ದಾರಿ ತೋರಿಸುತ್ತದೆ.

ಇಸವಿಯ ಕೆಳಗಿನ ಸಣ್ಣ ಗುರುತನ್ನು ಕೊನೆಗೆ ನೋಡಿರಿ. ವಜ್ರದಾಕೃತಿ ಇದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತಾ. ನೋಯ್ಡಾ ಟಂಕಸಾಲೆ 1988ರಲ್ಲಿ ಕೆಲಸ ಆರಂಭಿಸಿದ್ದರಿಂದ ಅದಕ್ಕಿಂತ ಹಿಂದಿನ ಇಸವಿಯ ನಾಣ್ಯದ ಮೇಲೆ ಚುಕ್ಕೆ ಕಂಡರೆ ಅದು ಬೇರೇನೋ ಆಗಿರುತ್ತದೆ. ಹೈದರಾಬಾದಿನ ಕೆಲವು ಹಳೆಯ ನಾಣ್ಯಗಳಲ್ಲಿ ನಕ್ಷತ್ರದ ಬದಲು ಸೀಳಿದಂತಿರುವ ವಜ್ರ ಇರುವುದರಿಂದ, ಮುಂಬಯಿಯೆಂದು ಬರೆಯುವ ಮುನ್ನ ಭೂತಗನ್ನಡಿಯಲ್ಲಿ ಎರಡು ಸಲ ನೋಡಬೇಕು.

ಸಣ್ಣ ಮುಖಬೆಲೆಯ ಸ್ಮಾರಕಗಳು

ಸ್ಮಾರಕ ನಾಣ್ಯವೆಂದರೆ ನೂರು ರೂಪಾಯಿಯ ಬೆಳ್ಳಿ ಬಿಲ್ಲೆಯೇ ಎಂಬ ಭಾವನೆ ಇಂದು ಇದೆ. ಒಂದು ಕಾಲದಲ್ಲಿ ಸ್ಮರಣೆಯ ಮಾತು ಐದು, ಹತ್ತು ಪೈಸೆಯ ಮೇಲೆ ಬರುತ್ತಿತ್ತು, ಕೂಲಿಕಾರರ ಜೇಬಿಗೂ ಹೋಗುತ್ತಿತ್ತು. ನನ್ನ ಮಟ್ಟಿಗೆ ಈ ಸೆಟ್ಟಿನ ಜೀವ ಇರುವುದು ಇಲ್ಲಿ.

1969ರ ಗಾಂಧಿ ಜನ್ಮಶತಾಬ್ದಿಗೆ ಬಂದ ಹಳದಿ ಇಪ್ಪತ್ತು ಪೈಸೆಯಿಂದ ಆರಂಭಿಸಿರಿ. ಅದರ ಮೇಲೆ ಗಾಂಧೀಜಿಯವರ ಜನನ ಮರಣದ ಇಸವಿಗಳಾದ 1869-1948 ಇರುವುದರಿಂದ, ಹೊಸಬರು ಅದನ್ನು 1948ರ ನಾಣ್ಯವೆಂದು ಭಾವಿಸುತ್ತಾರೆ. ಹಾಗೆಂದು ಹೇಳಿ ಮಾರುವವರೂ ಇದ್ದಾರೆ. 1948ರಲ್ಲಿ ಪೈಸೆಯ ಈ ಲೆಕ್ಕವೇ ಇರಲಿಲ್ಲವೆಂಬುದನ್ನು ನೆನೆದರೆ ಸಾಕು, ಮೋಸ ಹೋಗುವುದಿಲ್ಲ. ಆಮೇಲೆ ‘ಎಲ್ಲರಿಗೂ ಆಹಾರ’ ಎಂಬ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶಯವನ್ನು ಹೊತ್ತ 1970-71ರ ಇಪ್ಪತ್ತು ಪೈಸೆ, 1974ರ ಯೋಜಿತ ಕುಟುಂಬದ ಹತ್ತು ಪೈಸೆ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದ ನಾಣ್ಯಗಳು, 1980ರ ಗ್ರಾಮೀಣ ಮಹಿಳೆಯರ ಪ್ರಗತಿಯ ಹತ್ತು ಮತ್ತು ಇಪ್ಪತ್ತೈದು ಪೈಸೆ, 1981ರ ವಿಶ್ವ ಆಹಾರ ದಿನದವು, 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದವು, 1985ರ ಅರಣ್ಯಾಭಿವೃದ್ಧಿಯ ಇಪ್ಪತ್ತೈದು ಪೈಸೆ. ಇವುಗಳಲ್ಲಿ ಅನೇಕವು ಮನೆಯ ಡಬ್ಬಿಯಲ್ಲಿಯೇ ಇರುತ್ತವೆ, ಏಕೆಂದರೆ ಜನರು ಅವನ್ನು ಸ್ಮಾರಕವೆಂದು ಎಣಿಸದೆ ಬರೀ ಚಿಲ್ಲರೆಯೆಂದು ಬಳಸಿದರು. ಅದಕ್ಕಾಗಿಯೇ ಪ್ರತಿ ನಾಣ್ಯದ ಎರಡೂ ಮುಖ ನೋಡಬೇಕು.

ತೊಳೆಯುವ ಆಸೆಯನ್ನು ತಡೆದುಕೊಳ್ಳಿರಿ

ನನಗೆ ಸಿಕ್ಕ ಮೊದಲ 1957ರ ಕಂಚಿನ ನಯಾ ಪೈಸೆಯನ್ನು, ದೇವರ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕಿದೆ. ಅರ್ಧ ಗಂಟೆ ಅದು ಹೊಸ ತಾಮ್ರದಂತೆ ಹೊಳೆಯಿತು. ತಿಂಗಳೊಳಗೆ ಮಂಕಾದ ಗುಲಾಬಿ ಬಣ್ಣಕ್ಕೆ ತಿರುಗಿತು, ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಗೀರುಗಳು. ಕಂಚಿನ ಮೇಲೆ ದಶಕಗಳಲ್ಲಿ ಕೂಡಿದ ಕಂದು ಪದರು ಕೊಳೆಯಲ್ಲ, ಲೋಹವನ್ನು ಕಾಯುವ ಹೊದಿಕೆ. ಹುಳಿ ಅದನ್ನು ಕಿತ್ತುಹಾಕುತ್ತದೆ, ಬೂದಿ ಮೇಲ್ಮೈಯನ್ನು ಗೀರುತ್ತದೆ. ತಿಕ್ಕಿದ ನಾಣ್ಯವನ್ನು ತಿಳಿದ ಸಂಗ್ರಾಹಕರು ಕಡಿಮೆ ದರ್ಜೆಗೆ ಇಳಿಸುವುದು ಈ ಕಾರಣದಿಂದ.

ಹುಂಡಿಯ ನಾಣ್ಯಗಳಿಗೆ ಕುಂಕುಮ, ಎಣ್ಣೆ, ಮಣ್ಣು ಮೆತ್ತಿರುತ್ತವೆ. ಅವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಮರುದಿನ ನೀರು ಬದಲಿಸಿ, ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿರಿ, ಉಜ್ಜಬೇಡಿರಿ. ವಿಜಯಪುರದ ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಎಣ್ಣೆಯ ಜಿಡ್ಡು ಬಿಡದಿದ್ದರೆ ಶುದ್ಧ ಅಸಿಟೋನಿನಲ್ಲಿ ಗಾಜಿನ ಬಟ್ಟಲಿನೊಳಗೆ ಕೆಲವು ನಿಮಿಷ ಅದ್ದಬಹುದು. ಅದು ಬೇಗ ಬೆಂಕಿ ಹಿಡಿಯುವ ದ್ರವ, ಒಲೆಯಿರುವ ಕೋಣೆಯಲ್ಲಿ ತೆರೆಯಬಾರದು, ಕಿಟಕಿ ತೆರೆದಿರಬೇಕು, ಮಕ್ಕಳು ಹತ್ತಿರ ಇರಬಾರದು. ಇದಕ್ಕಿಂತ ಮುಂದೆ ಹೋಗುವ ಅಗತ್ಯ ಬೀಳುವುದಿಲ್ಲ.

ಇಡುವ ರೀತಿ

ಅಗ್ಗದ ಮೆತ್ತನೆಯ ಪಿವಿಸಿ ಪುಟಗಳ ಆಲ್ಬಮ್ಮನ್ನು ಕೊಳ್ಳಬೇಡಿರಿ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ಬೆವರಿದಂತಾಗಿ, ಅದರಿಂದ ಹೊರಬೀಳುವ ಅಂಶ ನಾಣ್ಯದ ಮೇಲೆ ಹಸಿರು ಅಂಟಾಗಿ ಕೂಡುತ್ತದೆ. ನಡುವೆ ಪಾರದರ್ಶಕ ಹಾಳೆಯಿರುವ ದಪ್ಪ ಕಾಗದದ ಹೋಲ್ಡರುಗಳು ಒಳ್ಳೆಯವು. ಪಿನ್ ಹೊಡೆಯುವಾಗ ಪಕ್ಕದ ಅಲ್ಯೂಮಿನಿಯಂ ನಾಣ್ಯಕ್ಕೆ ತಾಗದಂತೆ ನೋಡಿಕೊಳ್ಳಿರಿ, ಅದು ಬಹಳ ಮೆದು ಲೋಹ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು, ಬೆರಳಿನ ಬೆವರು ಗುರುತು ಮೂಡಿಸುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಯೊಂದನ್ನು ಇಟ್ಟು ಮಳೆಗಾಲ ಆರಂಭವಾಗುವ ಮುನ್ನ ಬದಲಾಯಿಸಿರಿ. ಬೆಳಗಾವಿಯ ಕಡೆ, ಅದರಲ್ಲೂ ಖಾನಾಪುರದ ಮಳೆಯ ಸೀಮೆಯಲ್ಲಿ ಇರುವವರು ಇದನ್ನು ಇನ್ನೂ ಹೆಚ್ಚು ಸಲ ಮಾಡಬೇಕಾಗುತ್ತದೆ.

ಕೊಳ್ಳುವಾಗ

ಮನೆಯ ಹುಡುಕಾಟ ಮುಗಿದ ಮೇಲೆ ಉಳಿದ ಖಾಲಿ ಜಾಗಗಳಿಗೆ ಮಾತ್ರ ಕೊಳ್ಳಿರಿ. ಈ ನಾಣ್ಯಗಳನ್ನು ಕೋಟಿಗಟ್ಟಲೆ ಅಚ್ಚುಹಾಕಿದ್ದರು, ಆದ್ದರಿಂದ ಸವೆದ ಸಾಮಾನ್ಯ ಪೈಸೆ ಕೆಲವೇ ರೂಪಾಯಿಗಳಿಗೆ ಸಿಗಬೇಕು. ಬಳಸದೆ ಉಳಿದ, ಅಚ್ಚಿನ ಹೊಳಪಿರುವ ನಾಣ್ಯಕ್ಕೆ ಹೆಚ್ಚು ಬೆಲೆ ಇರುವುದು ನ್ಯಾಯ. ಬನಶಂಕರಿ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ನನಗೆ ತೂತು ಮುಚ್ಚಿದ ನಯಾ ಪೈಸೆಯನ್ನು ದುಬಾರಿಗೆ ಕೊಟ್ಟಿದ್ದ. ತೊಟ್ಟಿಲಿಗೋ ಕೂಸಿನ ಉಡಿದಾರಕ್ಕೋ ಕಟ್ಟಲು ಕೊರೆದ ತೂತನ್ನು ಬೆಸುಗೆಯಿಂದ ತುಂಬಿದ್ದರು. ಸಂಜೆಯ ದೀಪದಲ್ಲಿ ಅದು ಕಾಣಲಿಲ್ಲ. ಅಂದಿನಿಂದ ನಾನು ಹಗಲಿನಲ್ಲಿ ಮಾತ್ರ ಕೊಳ್ಳುತ್ತೇನೆ, ತೂಕದ ಯಂತ್ರವನ್ನು ಜೊತೆಗೆ ಒಯ್ಯುತ್ತೇನೆ.

ಘೇಂಡಾಮೃಗದ ಚಾರಾಣೆಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆಂಬ ಮೊಬೈಲ್ ಸಂದೇಶಗಳನ್ನು ನಂಬಬೇಡಿರಿ. ಇಂಥವರು ಮೊದಲು ನಾಣ್ಯದ ಫೋಟೋ ಕೇಳುತ್ತಾರೆ, ಬಳಿಕ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಒಂದರ ಹಿಂದೊಂದು ಹಣ ಹಾಕಿಸಿಕೊಳ್ಳುತ್ತಾರೆ. ತನ್ನ ಹೆಸರು ಮತ್ತು ಲಾಂಛನವನ್ನು ಬಳಸಿ ಹಳೆಯ ನೋಟು ನಾಣ್ಯಗಳ ವ್ಯಾಪಾರದ ನೆಪದಲ್ಲಿ ಹೀಗೆ ವಂಚಿಸಲಾಗುತ್ತಿದೆ, ತಾನು ಅಂಥ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ನಾಣ್ಯ ಮಾರುವವನು ಹಣ ಪಡೆಯಬೇಕಾದವನು. ಅವನಿಂದಲೇ ಮುಂಗಡ ಕೇಳಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿರಿ.

ಚೀಟಿ ಬರೆಯುವುದು

ಪ್ರತಿ ಹೋಲ್ಡರಿನ ಮೇಲೆ ಮುಖಬೆಲೆ, ಇಸವಿ, ಲೋಹ, ಟಂಕಸಾಲೆ ಇಷ್ಟನ್ನು ಬರೆಯಿರಿ. ಹಿಂದಿನ ಬದಿಯಲ್ಲಿ ನಾಣ್ಯ ಎಲ್ಲಿಂದ ಬಂದಿತು, ಯಾರು ಕೊಟ್ಟರು, ಅವರು ಅದರ ಬಗ್ಗೆ ಏನು ಹೇಳಿದರು ಎಂಬುದನ್ನು ಸೇರಿಸಿರಿ. ನಾಣ್ಯಕ್ಕೆ ತಾಗುವ ಜಾಗದಲ್ಲಿ ಶಾಯಿ ಬಳಸದೆ ಸೀಸದ ಕಡ್ಡಿಯಿಂದ ಬರೆಯಬೇಕು. ನನ್ನ ಸೆಟ್ಟಿನ ಮೂರು ಪೈಸೆಯ ಹಿಂದೆ, ‘ಆಯಿಯ ಚಂಚಿ, ಎಲೆ ಅಡಿಕೆಯ ಕಲೆ ತೆಗೆದಿಲ್ಲ’ ಎಂದು ಬರೆದಿದ್ದೇನೆ.